ಹೆಬ್ಬೆಟ್ಟು ಅವರದೇ ಇರಬಹುದು. ಹಣ ತೆಗೆದವರು ಅವರೇ ಎಂದು ಬ್ಯಾಂಕು ತೋರಿಸಲಿ

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ. ತಾಯಿಗೆ ಓದು ಬರಹ ಬಾರದು, ಹೆಬ್ಬೆಟ್ಟು ಒತ್ತುತ್ತಾರೆ. ಹತ್ತಿ ಮಾರಿದ ಹಣ, ಗೃಹಲಕ್ಷ್ಮಿ ಹಣ ಎಲ್ಲವೂ ಅವರ ಉಳಿತಾಯ ಖಾತೆಯಲ್ಲೇ ಇತ್ತು. ಕಳೆದ ವಾರ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ, ತಿಂಗಳ ಹಿಂದೆ ಎರಡು ದಿನಗಳಲ್ಲಿ ಹತ್ತತ್ತು ಸಾವಿರದಂತೆ ಮೂರು ಸಲ, 8,500 ಒಂದು ಸಲ, ಒಟ್ಟು 38,500 ರೂಪಾಯಿ ಹೋಗಿರುವುದು ಕಂಡಿತು. ನಾಲ್ಕೂ ಸಾಲುಗಳಲ್ಲಿ ‘ಎಇಪಿಎಸ್’ ಎಂದು ಅಚ್ಚಾಗಿದೆ. ಖಾತೆಗೆ ಕೊಟ್ಟಿರುವ ಮೊಬೈಲ್ ಸಂಖ್ಯೆ ಬೆಂಗಳೂರಿಗೆ ದುಡಿಯಲು ಹೋಗಿರುವ ಅಣ್ಣನದು. ವ್ಯವಸ್ಥಾಪಕರನ್ನು ಕೇಳಿದರೆ, “ಹೆಬ್ಬೆಟ್ಟು ಹೊಂದಿಕೆಯಾಗಿದೆ, ಅಂದಮೇಲೆ ತೆಗೆದವರು ನಿಮ್ಮ ತಾಯಿಯೇ. ಬೇಕಾದರೆ ಮೊದಲು ಎಫ್‌ಐಆರ್ ತನ್ನಿ” ಎನ್ನುತ್ತಾರೆ. ಹಣ ವಾಪಸ್ ಬರುತ್ತದೆಯೇ?

ಉತ್ತರ: ಬರುವ ದಾರಿ ಇದೆ. ಆದರೆ ನೀವು ಈವರೆಗೆ ಮಾಡಿರುವುದು, ಅಂದರೆ ಕೌಂಟರಿನ ಮುಂದೆ ನಿಂತು ಬಾಯಿಮಾತಿನಲ್ಲಿ ಕೇಳಿ ಹಿಂದಿರುಗಿದ್ದು, ಬ್ಯಾಂಕಿನ ಕಡತದಲ್ಲಿ ಎಲ್ಲೂ ಇರುವುದಿಲ್ಲ. ನಾಳೆ ಯಾರಾದರೂ ‘ಗ್ರಾಹಕರು ದೂರು ಕೊಟ್ಟಿದ್ದು ಯಾವಾಗ’ ಎಂದು ಕೇಳಿದರೆ ತೋರಿಸಲು ನಿಮ್ಮ ಬಳಿಯೂ ಏನೂ ಇಲ್ಲ. ಆದ್ದರಿಂದ ಎಷ್ಟೇ ತಡವಾಗಿದ್ದರೂ ನಿಮ್ಮ ದೂರು ಶುರುವಾಗುವುದು ನೀವು ಕಾಗದ ಕೊಟ್ಟು, ಅದರ ಇನ್ನೊಂದು ಪ್ರತಿಯ ಮೇಲೆ ಶಾಖೆಯ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡ ದಿನದಿಂದ.

ಅದಕ್ಕೂ ಮೊದಲು ಇಂದೇ ಒಂದು ಕೆಲಸ ಮಾಡಿ. ತಾಯಿಯ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಸಿ, ಅಂದರೆ ಅವರ ಬೆರಳಿನ ಗುರುತು ಎಲ್ಲೂ ಕೆಲಸ ಮಾಡದಂತೆ ಬೀಗ ಹಾಕಿಸಿ. ಒಮ್ಮೆ ತೆಗೆದವರು ಮುಂದಿನ ಕಂತು ಬೀಳುವುದನ್ನೇ ಕಾಯುತ್ತಿರುತ್ತಾರೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಎಂ-ಆಧಾರ್ ಆಪ್‌ನಲ್ಲಿ ಅಥವಾ ಮೈ-ಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ಕೆಲವೇ ನಿಮಿಷಗಳಲ್ಲಿ ಮುಗಿಸಬಹುದು. ಮೊಬೈಲ್ ಜೋಡಣೆಯಾಗಿರದಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಬೇಕು. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅಂಚೆಯಣ್ಣನೂ ಮೊಬೈಲ್ ಸಂಖ್ಯೆ ಜೋಡಿಸಿಕೊಡುತ್ತಾರೆ. ಲಾಕ್ ಆದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಇಟ್ಟರೆ ಯಂತ್ರ ಒಪ್ಪುವುದಿಲ್ಲ ಎಂಬುದು ನೆನಪಿರಲಿ. ಅಕ್ಕಿ ತರುವ ಹೊತ್ತಿಗೆ ಅದೇ ಆಪ್‌ನಲ್ಲಿ ಹತ್ತು ನಿಮಿಷದ ಮಟ್ಟಿಗೆ ತೆರೆಯಬಹುದು. ಆಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಜೊತೆಗೆ ಈ ಖಾತೆಯಲ್ಲಿ ಎಇಪಿಎಸ್ ಸೌಲಭ್ಯ (ಆಧಾರ್ ಮತ್ತು ಬೆರಳಿನ ಮೇಲೆ ಹಣ ತೆಗೆಯುವುದು) ನಿಲ್ಲಿಸಿ ಎಂದು ಶಾಖೆಗೂ ಬರೆದುಕೊಡಿ.

ಇನ್ನು ವ್ಯವಸ್ಥಾಪಕರ ಮಾತಿಗೆ ಬರೋಣ. ಎಇಪಿಎಸ್ ಎಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ಬ್ಯಾಂಕಿನ ಪರವಾಗಿ ಹಳ್ಳಿಗಳಲ್ಲಿ ಹಣ ಕೊಡುವ ಏಜೆಂಟರಾದ ಬ್ಯಾಂಕ್ ಮಿತ್ರರ ಕೈಯಲ್ಲಿರುವ ಸಣ್ಣ ಯಂತ್ರದಲ್ಲಿ ಬ್ಯಾಂಕಿನ ಹೆಸರು ಆರಿಸಿ, ಆಧಾರ್ ಸಂಖ್ಯೆ ಒತ್ತಿ, ಬೆರಳು ಇಟ್ಟರೆ ಹಣ ಕೈಗೆ ಬರುತ್ತದೆ. ಪಿನ್ ಇಲ್ಲ, ಒಟಿಪಿ ಇಲ್ಲ, ಕಾರ್ಡ್ ಬೇಡ. ಒಂದು ಸಲಕ್ಕೆ 10,000 ರೂಪಾಯಿಯ ಮಿತಿ ಇರುವುದರಿಂದಲೇ ನಿಮ್ಮ ಪಾಸ್‌ಬುಕ್ಕಿನಲ್ಲಿ ಹತ್ತತ್ತು ಸಾವಿರದ ಸಾಲುಗಳು ಕಾಣುತ್ತಿವೆ. ನಡೆದು ಶಾಖೆಗೆ ಹೋಗಲಾಗದ ವೃದ್ಧರಿಗೆ ಇದು ದೊಡ್ಡ ಅನುಕೂಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಂತ್ರ ಹೇಳುವುದು ಇಷ್ಟೇ: ‘ಈ ಗುರುತು ದಾಖಲೆಯಲ್ಲಿರುವ ಗುರುತಿಗೆ ಹೊಂದುತ್ತದೆ’. ಬೆರಳಿನ ಹಿಂದೆ ನಿಮ್ಮ ತಾಯಿ ಇದ್ದರೇ, ಇದ್ದರೂ ಹಣ ಅವರ ಕೈಸೇರಿತೇ ಎಂಬುದನ್ನು ಯಂತ್ರ ಹೇಳಲಾರದು.

ಅವರು ಇಲ್ಲದೆಯೂ ಅವರ ಬೆರಳು ಕೆಲಸ ಮಾಡಿರುವುದಕ್ಕೆ ಎರಡು ದಾರಿಗಳಿವೆ. ಒಂದು, ಗುರುತಿನ ನಕಲು. ನೋಂದಣಿ ಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಕದ್ದು, ಬೆರಳಿನ ಅಚ್ಚು ಮಾಡಿ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದವು. ಆಮೇಲೆ ಪತ್ರಗಳ ಪ್ರತಿಯಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮ ಬಂತು. ನಿಮ್ಮ ತಾಯಿ ಹೊಲದ ಪಾಲು, ಮಾರಾಟ ಅಥವಾ ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರೆ ಅದನ್ನು ದೂರಿನಲ್ಲಿ ಬರೆಯಿರಿ.

ಇನ್ನೊಂದು ದಾರಿ ಹಳ್ಳಿಯಲ್ಲಿ ಹೆಚ್ಚು ಸುಲಭವಾದದ್ದು. ಹಣ ತೆಗೆಯಲು ಹೋದವರಿಗೆ “ಸರ್ವರ್ ಇಲ್ಲ, ಇನ್ನೊಮ್ಮೆ ಬೆರಳು ಇಡಿ” ಎನ್ನುವುದು. ಮೊದಲ ಸಲವೇ ಖಾತೆಯಿಂದ ಹೋಗಿರುತ್ತದೆ, ಎರಡನೆಯ ಸಲದ ಹಣ ಮಾತ್ರ ಕೈಗೆ ಸಿಗುತ್ತದೆ. ಅಥವಾ ಯೋಜನೆಯ ಇ-ಕೆವೈಸಿ ಎಂದು ಹೇಳಿ ಕಟ್ಟೆಯ ಮೇಲೆ ಯಂತ್ರ ಇಟ್ಟುಕೊಂಡು ಕೂತವರು ಎಲ್ಲರ ಬೆರಳನ್ನೂ ಇಡಿಸಿಕೊಳ್ಳುವುದು. ಇದರಲ್ಲಿ ನಕಲೂ ಬೇಕಿಲ್ಲ. ಆ ಎರಡು ದಿನ ತಾಯಿ ಎಲ್ಲಿ ಬೆರಳು ಇಟ್ಟರು ಎಂದು ಅವರ ಬಳಿ ಸಾವಕಾಶವಾಗಿ ಕೂತು ಕೇಳಿ. ಗದರಬೇಡಿ, ಹೆದರಿದರೆ ನೆನಪಿರುವುದೂ ಹೊರಬರುವುದಿಲ್ಲ. ಮನೆಯಲ್ಲೇ ಯಾರಾದರೂ ಕರೆದುಕೊಂಡು ಹೋಗಿ ತೆಗೆಸಿದ್ದಾರೆಯೇ ಎಂಬುದನ್ನೂ ಈಗಲೇ ಕೇಳಿಬಿಡಿ. ಕೇಳಲು ಮುಜುಗರವಾಗುತ್ತದೆ ನಿಜ, ಆದರೆ ಪೊಲೀಸರ ಮುಂದೆ ಅದು ಹೊರಬರುವುದಕ್ಕಿಂತ ಈಗ ಗೊತ್ತಾಗುವುದು ಮೇಲು.

ಇದನ್ನು ಕೇಳಿಸುತ್ತಿರುವುದಕ್ಕೆ ಕಾರಣವಿದೆ. ನಿಮ್ಮ ಪ್ರಕರಣದ ಹಣೆಬರಹ ನಿಂತಿರುವುದು ತಪ್ಪು ಯಾರದು ಎಂಬುದರ ಮೇಲೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ, ಗ್ರಾಹಕರ ಅನುಮತಿಯಿಲ್ಲದೆ ನಡೆದ ಎಲೆಕ್ಟ್ರಾನಿಕ್ ವಹಿವಾಟುಗಳನ್ನು ಮೂರು ಬಗೆಯಾಗಿ ನೋಡುತ್ತದೆ. ಗ್ರಾಮೀಣ ಬ್ಯಾಂಕುಗಳಿಗೂ ಅದು ಅನ್ವಯ; ಸಹಕಾರಿ ಬ್ಯಾಂಕುಗಳಿಗೆ ಅಂಥದೇ ಸುತ್ತೋಲೆ ಅದೇ ವರ್ಷದ ಡಿಸೆಂಬರಿನಲ್ಲಿ ಬಂತು. 2025ರ ನವೆಂಬರಿನಲ್ಲಿ ಈ ಸುತ್ತೋಲೆಗಳ ನಿಯಮಗಳನ್ನು ರಿಸರ್ವ್ ಬ್ಯಾಂಕ್ ತನ್ನ ಕ್ರೋಡೀಕೃತ ನಿರ್ದೇಶನಗಳಲ್ಲಿ ಸೇರಿಸಿತು.

ತಪ್ಪು ಬ್ಯಾಂಕಿನದಾಗಿದ್ದರೆ ಗ್ರಾಹಕರ ಹೊಣೆ ಸೊನ್ನೆ. ಇಲ್ಲಿ ಯಾವಾಗ ದೂರು ಕೊಟ್ಟರು ಎಂಬ ಪ್ರಶ್ನೆಯೇ ಏಳುವುದಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ವ್ಯವಸ್ಥೆಯ ಬೇರೆಲ್ಲೋ ಇದೆ ಎಂದಾದರೆ ದಿನಗಳ ಲೆಕ್ಕ ಬರುತ್ತದೆ: ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆ ಸೊನ್ನೆ, ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ಗ್ರಾಹಕರ ತಲೆಗೆ, ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ. ಮೂರನೆಯದು ಗ್ರಾಹಕರೇ ಪಿನ್, ಒಟಿಪಿಯಂಥ ಗುಟ್ಟನ್ನು ಬಿಟ್ಟುಕೊಟ್ಟದ್ದು. ಆಗ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ಮೇಲಿನದು ಬ್ಯಾಂಕಿನದು.

ನಿಮ್ಮ ವ್ಯವಸ್ಥಾಪಕರು ಒಂದೇ ಮಾತಿನಲ್ಲಿ ನಿಮ್ಮನ್ನು ಮೂರನೆಯ ಬಗೆಗೆ ತಳ್ಳಿದ್ದಾರೆ. ಬೆರಳಿನ ಗುರುತು ಪಿನ್‌ನಂತೆ ಬಚ್ಚಿಡಬಹುದಾದ ಗುಟ್ಟಲ್ಲ. ರೇಷನ್ನಿಗೆ, ಸಿಮ್ಮಿಗೆ, ನೋಂದಣಿಗೆ, ಪಿಂಚಣಿಗೆ ಎಲ್ಲದಕ್ಕೂ ಅದನ್ನು ಒತ್ತಿಸಿಕೊಂಡು, ಕೊನೆಗೆ ‘ಅದನ್ನು ಜೋಪಾನ ಮಾಡಲಿಲ್ಲ’ ಎಂದು ಅನಕ್ಷರಸ್ಥ ಮಹಿಳೆಯ ಮೇಲೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗ್ರಾಹಕರ ಹೊಣೆಯನ್ನು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ ಎಂದು ಅದೇ ಸುತ್ತೋಲೆ ಹೇಳುತ್ತದೆ. ‘ನಾನು ತೆಗೆದಿಲ್ಲ’ ಎಂದು ನೀವು ಸಾಬೀತು ಮಾಡಬೇಕಿಲ್ಲ. ‘ನೀವೇ ತೆಗೆದಿರಿ, ಅಥವಾ ನಿಮ್ಮ ತಪ್ಪಿನಿಂದ ಹೋಯಿತು’ ಎಂದು ಅವರು ತೋರಿಸಬೇಕು.

ಹಾಗಾದರೆ ನಿಮ್ಮದು ಮೊದಲನೆಯದೇ, ಎರಡನೆಯದೇ? ಅದನ್ನು ತಿಳಿಯಲು ಆ ನಾಲ್ಕು ಸಾಲುಗಳ ಹಿಂದಿನ ವಿವರ ಬೇಕು. ಪ್ರತಿ ವಹಿವಾಟಿಗೂ ಅದನ್ನು ಗುರುತಿಸುವ ಒಂದು ಆರ್‌ಆರ್‌ಎನ್ ಸಂಖ್ಯೆ ಇರುತ್ತದೆ. ಯಾವ ಬ್ಯಾಂಕಿನ ಯಂತ್ರ, ಯಾವ ಏಜೆಂಟರ ಗುರುತು ಸಂಖ್ಯೆ, ಯಾವ ಊರು, ಎಷ್ಟು ಗಂಟೆ ಎಂಬುದು ದಾಖಲಾಗಿರುತ್ತದೆ. ಯಂತ್ರ ನಿಮ್ಮದೇ ಬ್ಯಾಂಕಿನ ಬ್ಯಾಂಕ್ ಮಿತ್ರರದು ಎಂದು ಗೊತ್ತಾದರೆ ಚಿತ್ರವೇ ಬದಲಾಗುತ್ತದೆ. ಬ್ಯಾಂಕ್ ಮಿತ್ರರು ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ನೇಮಿಸಿದ ಬ್ಯಾಂಕೇ ಹೊಣೆ ಎಂಬುದು ರಿಸರ್ವ್ ಬ್ಯಾಂಕಿನ ಬಹಳ ಹಳೆಯ ನಿಯಮ. ಆ ಏಜೆಂಟರ ಮೋಸ ಬ್ಯಾಂಕಿನ ಕಡೆಯ ಮೋಸ. ಅಂದರೆ ನಿಮ್ಮದು ಮೊದಲ ಬಗೆ, ತಿಂಗಳು ಕಳೆದಿರುವುದು ಅಡ್ಡಿಯಾಗದು. ಯಂತ್ರ ಬೇರೆ ಬ್ಯಾಂಕಿನದು, ಊರು ಬೇರೆ ರಾಜ್ಯದ್ದು ಎಂದಾದರೆ ‘ತೆಗೆದವರು ಅವರೇ’ ಎಂಬ ಮಾತು ಅಲ್ಲೇ ಬಿದ್ದುಹೋಗುತ್ತದೆ, ಆದರೆ ಎರಡನೆಯ ಬಗೆಯ ದಿನಗಣನೆ ಎದುರಾಗುತ್ತದೆ.

ಬ್ಯಾಂಕು ಕೊಡುವವರೆಗೆ ಕಾಯದೆ ನೀವೇ ತೆಗೆಯಬಹುದಾದ ಸಾಕ್ಷ್ಯವೊಂದಿದೆ. ಮೈ-ಆಧಾರ್‌ನಲ್ಲಿ ‘ದೃಢೀಕರಣ ಇತಿಹಾಸ’ ತೆರೆದರೆ ಕಳೆದ ಆರು ತಿಂಗಳಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಎಂಬ ಪಟ್ಟಿ ಸಿಗುತ್ತದೆ: ದಿನಾಂಕ, ಗಂಟೆ, ಬೆರಳೋ ಒಟಿಪಿಯೋ, ಕೇಳಿದ ಸಂಸ್ಥೆ ಯಾವುದು, ಒಪ್ಪಿತೇ ತಿರಸ್ಕಾರವಾಯಿತೇ. ಒಂದು ಸಲಕ್ಕೆ 50 ದಾಖಲೆಗಳವರೆಗೆ ಮಾತ್ರ ತೋರಿಸುವುದರಿಂದ ಆ ವಾರದ ದಿನಾಂಕಗಳನ್ನಷ್ಟೇ ಆರಿಸಿ ಮುದ್ರಿಸಿಕೊಳ್ಳಿ. ಆರು ತಿಂಗಳು ಕಳೆದರೆ ಅದು ಸಿಗದು, ಆದ್ದರಿಂದ ಈ ವಾರವೇ ತೆಗೆಯಿರಿ. ಅದೇ ದಿನ ಅದೇ ಹೊತ್ತಿಗೆ ತಾಯಿ ಊರಿನಲ್ಲಿದ್ದುದಕ್ಕೆ ಗುರುತು ಇದೆಯೇ ನೋಡಿ. ಉದ್ಯೋಗ ಖಾತ್ರಿ ಕೆಲಸದ ಹಾಜರಿ ಫೋಟೊ, ನ್ಯಾಯಬೆಲೆ ಅಂಗಡಿಯ ರಸೀದಿ, ತಾಲ್ಲೂಕು ಆಸ್ಪತ್ರೆಯ ಚೀಟಿ, ಯಾವುದಾದರೂ ಸರಿ.

ಈಗ ನಿಮ್ಮ ಪ್ರಕರಣದ ದುರ್ಬಲ ಜಾಗ: ಅಣ್ಣನ ಮೊಬೈಲ್. ಗುಳೆ ಹೋಗುವ ನಮ್ಮ ಊರುಗಳಲ್ಲಿ ಇದು ಮನೆಮನೆಯ ಕಥೆ. ಖಾತೆ ತಾಯಿಯದು, ಸಂದೇಶ ಹೋಗುವುದು ನೂರಾರು ಮೈಲಿ ದೂರದ ಮಗನಿಗೆ. ದಿನಗಣನೆ ಶುರುವಾಗುವುದು ಬ್ಯಾಂಕಿನ ಸೂಚನೆ ಗ್ರಾಹಕರಿಗೆ ತಲುಪಿದಾಗಿನಿಂದ. ತಲುಪಿದ ದಿನವನ್ನು ಬಿಟ್ಟು, ನಿಮ್ಮ ಶಾಖೆಯ ಕೆಲಸದ ದಿನಗಳನ್ನಷ್ಟೇ ಎಣಿಸಬೇಕು. ಶುಕ್ರವಾರ ಸಂಜೆ ಸಂದೇಶ ಬಂದು ಮರುದಿನ ನಾಲ್ಕನೆಯ ಶನಿವಾರವಾಗಿದ್ದರೆ ಮೂರನೆಯ ಕೆಲಸದ ದಿನ ಬುಧವಾರ. ಆದರೆ ನಿಮ್ಮಲ್ಲಿ ತಿಂಗಳೇ ಕಳೆದಿದೆ. ಅಣ್ಣನಿಗೆ ಸಂದೇಶ ಬಂದಿದ್ದು ಅವನು ಗಮನಿಸದೆ ಬಿಟ್ಟಿದ್ದರೆ, ಸಂದೇಶ ತಲುಪಿದೆ ಎಂದು ಬ್ಯಾಂಕು ವಾದಿಸುತ್ತದೆ, ಆ ವಾದದಲ್ಲಿ ಬಲವಿದೆ. ಅವನು ಸಿಮ್ ಬದಲಿಸಿ ಆ ಸಂಖ್ಯೆ ನಿಂತುಹೋಗಿದ್ದರೆ ಅಥವಾ ಸಂದೇಶವೇ ಬಂದಿಲ್ಲದಿದ್ದರೆ ಮಾತು ಬೇರೆ. ಸಂದೇಶ ತಲುಪಿದ ದಿನಾಂಕ ಮತ್ತು ಸಮಯವನ್ನು ಬ್ಯಾಂಕು ದಾಖಲಿಸಿಟ್ಟುಕೊಳ್ಳಬೇಕು. ಆ ದಾಖಲೆ ತೋರಿಸಿ ಎಂದು ಕೇಳಿ. ಅಣ್ಣನ ಮೊಬೈಲಿನಲ್ಲಿರುವ ಬ್ಯಾಂಕಿನ ಸಂದೇಶಗಳನ್ನು ಅಳಿಸಬೇಡಿ ಎಂದು ಅವನಿಗೆ ಇಂದೇ ಹೇಳಿ. ಅವು ನಿಮಗೆ ಎದುರಾಗಿದ್ದರೂ ಸರಿ, ಅಳಿಸಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಯಾವ ಮೊಬೈಲ್ ಸಂಖ್ಯೆಯೂ ಇಲ್ಲದ ಖಾತೆಗಳ ಬಗ್ಗೆಯೂ ಒಂದು ಮಾತು, ನಿಮ್ಮ ಓಣಿಯಲ್ಲಿ ಅಂಥವರು ಇದ್ದೇ ಇರುತ್ತಾರೆ. ಮೊಬೈಲ್ ಸಂಖ್ಯೆ ಕೊಡದ ಗ್ರಾಹಕರಿಗೆ ಎಟಿಎಂನಿಂದ ನಗದು ತೆಗೆಯುವುದನ್ನು ಬಿಟ್ಟು ಬೇರೆ ಎಲೆಕ್ಟ್ರಾನಿಕ್ ಸೌಲಭ್ಯ ಕೊಡದಿರಬಹುದು ಎಂದು ಸುತ್ತೋಲೆಯಲ್ಲಿದೆ. ಹಾಗಿದ್ದೂ ಅಂಥ ಖಾತೆಯಿಂದ ಹೆಬ್ಬೆಟ್ಟಿನ ಮೇಲೆ ಸಾವಿರಾರು ರೂಪಾಯಿ ಹೋಗಿದ್ದರೆ, ಸೂಚನೆ ಯಾರಿಗೆ ಕಳಿಸಿದಿರಿ ಎಂಬ ಪ್ರಶ್ನೆಯನ್ನು ಜೋರಾಗಿಯೇ ಕೇಳಬಹುದು.

ನಾಲ್ಕರಿಂದ ಏಳು ದಿನಗಳ ಮಿತಿಯಲ್ಲಿ ಒಂದು ಸೂಕ್ಷ್ಮವಿದೆ. ಜನಧನದಂಥ ಮೂಲ ಉಳಿತಾಯ ಖಾತೆಗೆ ಪ್ರತಿ ವಹಿವಾಟಿನ ಹೊಣೆ ಗರಿಷ್ಠ 5,000 ರೂಪಾಯಿ, ಸಾಮಾನ್ಯ ಉಳಿತಾಯ ಖಾತೆಗೆ 10,000. ಎಇಪಿಎಸ್‌ನಲ್ಲಿ ಒಂದು ಸಲಕ್ಕೆ ಹೋಗುವುದೇ ಹೆಚ್ಚೆಂದರೆ 10,000 ಆದ್ದರಿಂದ ಸಾಮಾನ್ಯ ಖಾತೆಯವರಿಗೆ ಈ ‘ಮಿತಿ’ಯಿಂದ ಬಿಡಿಗಾಸೂ ಉಳಿಯುವುದಿಲ್ಲ. ಅವರ ಪಾಲಿಗೆ ಇರುವುದು ಮೂರೇ ದಿನ. ತಾಯಿಯ ಖಾತೆ ಯಾವ ಬಗೆಯದು ಎಂದು ಕೇಳಿ ತಿಳಿದುಕೊಳ್ಳಿ. ಏಳು ದಿನ ದಾಟಿದ ಪ್ರಕರಣಗಳಿಗೆ ಬ್ಯಾಂಕಿನ ಈಗಿನ ನೀತಿ ಏನು ಎಂಬುದರ ಪ್ರತಿಯನ್ನೂ ಕೇಳಿ; ಕೆಲವು ಬ್ಯಾಂಕುಗಳ ನೀತಿ ಶಾಖೆಯವರ ಬಾಯಿಮಾತಿಗಿಂತ ಉದಾರವಾಗಿರುತ್ತದೆ.

ದೂರನ್ನು ಕನ್ನಡದಲ್ಲೇ ಬರೆಯಿರಿ. ಉದ್ದುದ್ದ ಬೇಡ. ಹೀಗಿದ್ದರೆ ಸಾಕು:

“ನನ್ನ ಉಳಿತಾಯ ಖಾತೆಯಿಂದ ಈ ಕೆಳಗಿನ ದಿನಾಂಕಗಳಲ್ಲಿ ಎಇಪಿಎಸ್ ಮೂಲಕ ನಾಲ್ಕು ಬಾರಿ ಒಟ್ಟು 38,500 ರೂಪಾಯಿ ತೆಗೆಯಲಾಗಿದೆ. ಇವನ್ನು ನಾನು ತೆಗೆದಿಲ್ಲ, ತೆಗೆಯಲು ಯಾರಿಗೂ ಅನುಮತಿ ಕೊಟ್ಟಿಲ್ಲ, ಹಣ ನನ್ನ ಕೈಸೇರಿಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿಸಿದ ದಿನವೇ ಇದು ನನಗೆ ತಿಳಿಯಿತು. ಪ್ರತಿ ವಹಿವಾಟಿನ ಆರ್‌ಆರ್‌ಎನ್, ಯಂತ್ರದ ಮತ್ತು ಏಜೆಂಟರ ಗುರುತು ಸಂಖ್ಯೆ, ಬ್ಯಾಂಕು, ಸ್ಥಳ, ಸಮಯ ಹಾಗೂ ನನಗೆ ಸಂದೇಶ ಕಳಿಸಿದ ದಾಖಲೆಯನ್ನು ಒದಗಿಸಬೇಕು. ರಿಸರ್ವ್ ಬ್ಯಾಂಕಿನ ನಿಯಮಗಳಂತೆ 10 ಕೆಲಸದ ದಿನಗಳೊಳಗೆ ಮೊತ್ತವನ್ನು ಖಾತೆಗೆ ಜಮಾ ಮಾಡಿ, 90 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ಹಣ ಪಾವತಿಸಿದ ಬ್ಯಾಂಕಿನ ಮೇಲೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮೂಲಕ ತಕರಾರು ದಾಖಲಿಸಬೇಕು.”

ಹತ್ತು ದಿನಗಳಲ್ಲಿ ಜಮಾ ಆಗುವ ಹಣ ತಾತ್ಕಾಲಿಕ. ಇತ್ಯರ್ಥವಾಗುವವರೆಗೆ ಅದನ್ನು ತೆಗೆಯಲು ಬಿಡದಿರಬಹುದು. ದೂರನ್ನು ಓದಿ ಹೇಳಿದ ಮೇಲೆ ತಾಯಿಯ ಹೆಬ್ಬೆಟ್ಟು ಹಾಕಿಸಿ, ಓದಿ ಹೇಳಿದವರು ಸಾಕ್ಷಿಯಾಗಿ ಸಹಿ ಮಾಡಲಿ. ಶಾಖೆಯವರು ಸೀಲು ಹಾಕಲು ಹಿಂದೆಮುಂದೆ ನೋಡಿದರೆ ಜಗಳ ಬೇಡ. ಅಂಚೆ ಕಚೇರಿಗೆ ಹೋಗಿ ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಶಾಖೆಗೊಂದು, ಬ್ಯಾಂಕಿನ ನೋಡಲ್ ಅಧಿಕಾರಿಗೊಂದು ಕಳಿಸಿ. ಖಾತೆ ಗ್ರಾಮೀಣ ಬ್ಯಾಂಕಿನಲ್ಲಿರುವ ಓದುಗರಿಗೆ ಮುಖ್ಯ ಕಚೇರಿ ಹತ್ತಿರದಲ್ಲೇ, ಬಳ್ಳಾರಿಯಲ್ಲಿದೆ. 2025ರ ಮೇ ತಿಂಗಳಲ್ಲಿ ಧಾರವಾಡದ ಬ್ಯಾಂಕು ಸೇರಿ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಆದ ಮೇಲೂ ಅದು ಅಲ್ಲೇ ಉಳಿದಿದೆ.

‘ಮೊದಲು ಎಫ್‌ಐಆರ್’ ಎಂಬುದಕ್ಕೆ ಒಪ್ಪಬೇಡಿ. ದೂರು ಸ್ವೀಕರಿಸಲು ಎಫ್‌ಐಆರ್ ಬೇಕೆಂದು ಸುತ್ತೋಲೆ ಹೇಳುವುದಿಲ್ಲ. ಆದರೂ ಪೊಲೀಸ್ ದೂರನ್ನು ಬೇರೆಯಾಗಿ ಕೊಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಲ್ಲಿ ನಗದಾಗಿ ಹೋದ ಹಣವನ್ನು ಅವರು ತಡೆಹಿಡಿಯಲಾರರು, ಅದು ಖಾತೆಯಿಂದ ಖಾತೆಗೆ ಹರಿದ ಹಣಕ್ಕೆ ಮಾತ್ರ ಸಾಧ್ಯ; ಆದರೂ ದೂರಿನ ಸಂಖ್ಯೆ ಸಿಗುತ್ತದೆ, ಅದೇ ಏಜೆಂಟರ ಮೇಲೆ ಬೇರೆಯವರ ದೂರೂ ಇದ್ದರೆ ತಾಳೆಯಾಗುತ್ತದೆ. ಸೈಬರ್ ಪ್ರಕರಣಗಳಿಗೆ ರಾಯಚೂರಿನಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಇದೆ. ಅಲ್ಲಿಯವರೆಗೆ ತಾಯಿಯನ್ನು ಬಸ್ಸಿನಲ್ಲಿ ಕರೆದೊಯ್ಯುವುದು ಕಷ್ಟವಾದರೆ ನಿಮ್ಮ ಠಾಣೆಯಲ್ಲೇ ಕೊಡಿ; ವ್ಯಾಪ್ತಿ ನಮ್ಮದಲ್ಲ ಎಂದು ತಿರುಗಿಸಿ ಕಳಿಸುವಂತಿಲ್ಲ. ಅನ್ವಯವಾಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಮತ್ತು ಭಾರತೀಯ ನ್ಯಾಯ ಸಂಹಿತೆಯ 318, 319. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ‘ಹೆಬ್ಬೆಟ್ಟು ಹೊಂದಿದೆ’ ಎಂಬ ಅದೇ ರಾಗ ಹಾಡಿದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ (ಓಂಬುಡ್ಸ್‌ಮನ್) ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಡ. ರಿಸರ್ವ್ ಬ್ಯಾಂಕಿನ ದೂರು ದಾಖಲಿಸುವ ಸಿಎಂಎಸ್ ಜಾಲತಾಣದಲ್ಲಿ ಹಾಕಬಹುದು, ಇಲ್ಲವೇ ಕನ್ನಡದಲ್ಲೇ ಬರೆದು ಚಂಡೀಗಢದಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು, ವಿಚಾರಣೆಗೆ 14448. ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟಿರಲೇಬೇಕು, ಇಲ್ಲದಿದ್ದರೆ ಅಲ್ಲಿ ನೋಡದೆಯೇ ಬದಿಗಿಡುತ್ತಾರೆ. ಸೀಲಿನ ಪ್ರತಿಗೆ ಬೆಲೆ ಬರುವುದು ಇಲ್ಲಿ.

ಅಲ್ಲಿಯೂ ಆಗದಿದ್ದರೆ ರಾಯಚೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವಿದೆ. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ಎರಡು ವರ್ಷಗಳೊಳಗೆ ಹೋಗಬೇಕು. ಆದರೆ ಲೋಕಪಾಲರ ಬಳಿ ಮತ್ತು ಆಯೋಗದಲ್ಲಿ ಒಟ್ಟೊಟ್ಟಿಗೆ ನಡೆಸಲು ಬರುವುದಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅಸ್ಸಾಂನ ಗ್ರಾಹಕರೊಬ್ಬರ ಖಾತೆಯಿಂದ ಹೋದ ಸುಮಾರು 94 ಸಾವಿರ ರೂಪಾಯಿಯ ಪ್ರಕರಣದಲ್ಲಿ, ಬ್ಯಾಂಕೇ ಹೊಣೆ ಎಂಬ ಗುವಾಹಟಿ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಅದನ್ನು ದೂರಿನಲ್ಲಿ ಉಲ್ಲೇಖಿಸಬಹುದು, ಆದರೆ ಆ ಗ್ರಾಹಕ 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದರು ಎಂಬ ವ್ಯತ್ಯಾಸ ಎದುರಿನವರಿಗೂ ಗೊತ್ತಿರುತ್ತದೆ.

ಪಾಸ್‌ಬುಕ್ ತೆರೆದ ಕೈಯಲ್ಲೇ ಬೇರೆ ಸಾಲುಗಳನ್ನೂ ನೋಡಿ. ವರ್ಷಕ್ಕೊಮ್ಮೆ ಮೇ ಕೊನೆ, ಜೂನ್ ಹೊತ್ತಿಗೆ 20 ಅಥವಾ 436 ರೂಪಾಯಿ ಹೋಗಿದ್ದರೆ ಅದು ಕಳ್ಳತನವಲ್ಲ, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮತ್ತು ಜೀವನ ಜ್ಯೋತಿ ಬಿಮಾ ಕಂತು. ಬೇಡವಾದರೆ ಬರೆದುಕೊಟ್ಟು ನಿಲ್ಲಿಸಬಹುದು. ಇವನ್ನೂ ದೂರಿನಲ್ಲಿ ಸೇರಿಸಿದರೆ ನಿಜವಾದ ನಾಲ್ಕು ಸಾಲುಗಳ ತೂಕ ಕಡಿಮೆಯಾಗುತ್ತದೆ.

ಕೊನೆಯದಾಗಿ, ಏಜೆಂಟರು ಊರಿನವರೇ ಆಗಿದ್ದರೆ ದೂರಿನ ಸುದ್ದಿ ತಲುಪಿದ ಮೇಲೆ ಒಂದು ಸಂಜೆ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಮನೆಗೆ ಬಂದು, “ಹಣ ಕೊಡುತ್ತೇವೆ, ದೂರು ವಾಪಸ್ ತೆಗೆದುಕೊಳ್ಳಿ” ಎನ್ನಬಹುದು. ಹಣ ಬರುವುದಾದರೆ ಬರಲಿ, ನಿಮ್ಮ ಹಣವೇ ಅದು. ಆದರೆ ಕೈಗೆ ನಗದಾಗಿ ಬೇಡ, ತಾಯಿಯ ಖಾತೆಗೆ ಜಮಾ ಆಗಲಿ. ಅವರು ಬರೆದು ತಂದ ಕಾಗದಕ್ಕೆ, ಅದರಲ್ಲೂ ‘ಹಣ ನಾನೇ ತೆಗೆದಿದ್ದೆ, ಮರೆತಿದ್ದೆ’ ಎಂಬ ಮಾತಿರುವ ಕಾಗದಕ್ಕೆ, ತಾಯಿಯ ಹೆಬ್ಬೆಟ್ಟು ಹಾಕಿಸಬೇಡಿ. ಬರೆಯಲೇಬೇಕಾದರೆ ನೀವೇ ಬರೆಯಿರಿ: ಇಂಥ ದಿನ ಇಷ್ಟು ಮೊತ್ತ ಖಾತೆಗೆ ಜಮಾ ಆಗಿದೆ, ಇಷ್ಟೇ.